‘ನೋಡಿದ್ರೆ ನೆನಪಾಗುತ್ತೆ’ ಅನ್ನುವವರು ಓದೋದು ಹೇಗೆ?

ಅಕ್ಕನ ಮಗಳು ಈ ಸಲ ಎಸ್ಸೆಸ್ಸೆಲ್ಸಿ. ಅವಳ ವಿಜ್ಞಾನ ಪುಸ್ತಕ ತೆರೆದರೆ ಪುಟಪುಟಕ್ಕೂ ಅರಿಶಿನ ಬಳಿದ ಹಾಗಿತ್ತು, ಹೈಲೈಟರ್‌ನಲ್ಲಿ ಒಂದು ಸಾಲನ್ನೂ ಬಿಟ್ಟಿರಲಿಲ್ಲ. ಪುಸ್ತಕ ಮುಚ್ಚಿ, ಹೃದಯದಲ್ಲಿ ರಕ್ತ ಹೇಗೆ ಹರಿಯುತ್ತದೆ ಬರಿ ನೋಡೋಣ ಅಂದೆ. ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶ... ಪೆನ್ನು ಅಲ್ಲಿಗೇ ನಿಂತಿತು. “ಗೊತ್ತು ಚಿಕ್ಕಮ್ಮ, ಒಂದ್ಸಲ ನೋಡಿದ್ರೆ ನೆನಪಾಗುತ್ತೆ” ಅಂದಳು.

ಪರೀಕ್ಷೆ ಕೊಠಡಿಯಲ್ಲಿ ನೋಡೋದಕ್ಕೆ ಬಿಡಲ್ಲ, ಅಲ್ವಾ? ಅದೇ ಪಾಠ ನಾಲ್ಕು ಸಲ ಓದಿದರೆ ಸಾಲುಗಳೆಲ್ಲ ಮದುವೆಮನೆಯಲ್ಲಿ ಕಂಡ ದೂರದ ನೆಂಟರ ಹಾಗೆ ಆಗಿಬಿಡುತ್ತವೆ. ಮುಖ ಗೊತ್ತು, ಹೆಸರು ಬಾಯಿಗೆ ಬರಲ್ಲ.

ಹಾಗಾಗಿ ಮೊದಲ ಕೆಲಸ, ಓದಿದ ಮೇಲೆ ಪುಸ್ತಕ ಮುಚ್ಚುವುದು. ಎರಡು ಪುಟ ನಿಧಾನವಾಗಿ ಓದಿ, ಮುಚ್ಚಿ, ಒಂದು ಬಿಳಿ ಹಾಳೆ ಮೇಲೆ ನೆನಪಿಗೆ ಬಂದದ್ದೆಲ್ಲ ಬರೆಯಿರಿ. ಅಕ್ಷರ ಚೆನ್ನಾಗಿರಬೇಕಿಲ್ಲ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಲ್ಲಿ ಸೇರಿಸಿ. ನಾಳೆ ಓದಬೇಕಾದದ್ದು ಆ ಕೆಂಪು ಮಾತ್ರ, ಇಡೀ ಪಾಠ ಅಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ, ಸುಮ್ನೆ ಮತ್ತೆಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದರೆ ಅವರಿಗೆ ನೆನಪಿದ್ದದ್ದು ಶೇ. 40ರಷ್ಟು, ಒಮ್ಮೆ ಓದಿ ನೆನಪಿನಿಂದ ಮೂರು ಸಲ ಬರೆದವರಿಗೆ ಶೇ. 61ರಷ್ಟು. ಹಿಂದಿನ ರಾತ್ರಿ ಓದಿದವರಿಗೆ ‘ನನಗೆಲ್ಲಾ ಬರುತ್ತೆ’ ಅನ್ನಿಸೋದು ಯಾಕೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಬರೆಯುವಾಗ ಸಿಕ್ಕಿಕೊಂಡ ಕಡೆ ‘ಯಾಕೆ’ ಅಂತ ಕೇಳಿಕೊಳ್ಳಿ. ಹುಡುಗಿ ತಪ್ಪಿದ್ದೂ ಅಲ್ಲೇ. ಅಪಧಮನಿ ಅಂದರೆ ಆಮ್ಲಜನಕ ತುಂಬಿದ ರಕ್ತ ಒಯ್ಯುವ ನಾಳ ಅಂತ ಬಾಯಿಪಾಠ ಮಾಡಿಕೊಂಡಿದ್ದಳು. ಹಾಗಾದರೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳಕ್ಕೂ ಅಪಧಮನಿ ಅಂತಲೇ ಯಾಕೆ ಹೆಸರು, ಅದರಲ್ಲಿರೋದು ಆಮ್ಲಜನಕ ಕಡಿಮೆ ಇರುವ ರಕ್ತ ತಾನೇ? ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಒಳಗೆ ತರುವುದು ಅಭಿಧಮನಿ, ರಕ್ತ ಯಾವುದಾದರೂ ಸರಿ. ಇಷ್ಟು ಹೊಳೆದ ಮೇಲೆ ಚಿತ್ರ ತಾನಾಗಿ ಮುಂದುವರಿಯಿತು.

ಇನ್ನು ಅಂತರ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವೇ ಇಲ್ಲದ ಅಕ್ಷರಗಳ ಪಟ್ಟಿಗಳನ್ನು ತಾನೇ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಅಂತ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಆಮೇಲೆ ಮರೆವಿನ ವೇಗ ತಗ್ಗುತ್ತದೆ. ಅದಕ್ಕೇ ಒಂದೇ ದಿನ ನಾಲ್ಕು ಗಂಟೆ ಕೂರುವ ಬದಲು ಇವತ್ತು, ನಾಳೆ, ನಾಲ್ಕನೇ ದಿನ, ಮುಂದಿನ ವಾರ ಅಂತ ಹಂಚಿಕೊಳ್ಳಿ.

ಹಂಚುವುದಕ್ಕೆ ನಾವು ಮಾಡಿದ್ದು ಹೀಗೆ. ಹಳೆ ಲಗ್ನಪತ್ರಿಕೆಗಳನ್ನು ಕತ್ತರಿಸಿ ಖಾಲಿ ಬದಿಯಲ್ಲಿ ಪ್ರಶ್ನೆ ಬರೆದೆವು, ಉತ್ತರಕ್ಕೆ ಹಿಂದೆ ಒಂದು ತುಂಡು ಕಾಗದ ಅಂಟಿಸಿದೆವು. ಶೂ ಡಬ್ಬದಲ್ಲಿ ಮೂರು ಖಾನೆ. ಮೊದಲನೆಯದು ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಕೊನೆಯದು ವಾರಕ್ಕೊಮ್ಮೆ. ಉತ್ತರ ಸರಿಯಾದರೆ ಚೀಟಿ ಮುಂದಿನ ಖಾನೆಗೆ, ತಪ್ಪಾದರೆ ಎಲ್ಲಿದ್ದರೂ ವಾಪಸ್ ಮೊದಲನೆಯದಕ್ಕೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಉಪಾಯ ಇದು, ಲಗ್ನಪತ್ರಿಕೆ ಮಾತ್ರ ನಮ್ಮದು.

ಗಣಿತಕ್ಕೆ ಚೀಟಿ ಸಾಲದು. ಅಲ್ಲಿ ಬೆರಕೆ ಬೇಕು. ಶಾಲೆಯಲ್ಲಿ ಮಗ್ಗಿ ಸಾಲಾಗಿ ಒಪ್ಪಿಸಿದ ಮೇಲೆ ಮೇಷ್ಟ್ರು ನಡುವಿನಿಂದ “ಏಳೆಂಟ್ಲಿ?” ಅಂತ ಕೇಳುತ್ತಿದ್ದರಲ್ಲ, ಅದೇ ಥರ. ವರ್ಗ ಸಮೀಕರಣದ ಅಭ್ಯಾಸ ಮಾಡುವಾಗ ಎಲ್ಲ ಲೆಕ್ಕಕ್ಕೂ ವರ್ಗ ಸಮೀಕರಣವೇ ಅಂತ ಮೊದಲೇ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ರೈಲು, ವೇಗ, ಸಮಯ ಅಂತ ಕೊಟ್ಟಾಗ ಅದು ಎರಡು ರೇಖಾತ್ಮಕ ಸಮೀಕರಣಗಳ ಲೆಕ್ಕವೋ ವರ್ಗ ಸಮೀಕರಣದ್ದೋ ಅಂತ ಹೇಳುವವರು ಯಾರೂ ಇಲ್ಲ. ಕಲಿತುಮುಗಿದ ಮೂರು ಅಧ್ಯಾಯದಿಂದ ಎರಡೆರಡು ಲೆಕ್ಕ ಆರಿಸಿ, ಕಲೆಸಿ ಮಾಡಿ. ತಪ್ಪು ಜಾಸ್ತಿ ಆಗುತ್ತದೆ, ಬೇಜಾರೂ ಆಗುತ್ತದೆ, ಆದರೂ ಬಿಡಬೇಡಿ. ಹೊಸ ಅಧ್ಯಾಯ ಶುರುವಿನಲ್ಲಿದ್ದಾಗ ಮಾತ್ರ ಇದು ಬೇಡ, ಮೊದಲು ಒಂದು ನಾಲ್ಕು ಲೆಕ್ಕ ಒಂದೇ ಜಾತಿಯವು ಆಗಲಿ.

ಇತಿಹಾಸಕ್ಕೆ, ವ್ಯಾಕರಣಕ್ಕೆ ಚೀಟಿ ಮತ್ತು ಬಿಳಿ ಹಾಳೆ ಸಾಕು. ಇಂಗ್ಲಿಷಿಗೆ ಜೋರಾಗಿ ಮಾತಾಡುವುದೂ ಸೇರಲಿ. ಹೈಲೈಟರ್ ಬೇಕೇಬೇಕು ಅನ್ನುವವರು ಪುಟಕ್ಕೆ ಒಂದೇ ಸಾಲು ಅಂತ ನಿಯಮ ಇಟ್ಟುಕೊಳ್ಳಿ. ಮೊಬೈಲು ಪಕ್ಕದ ಕೋಣೆಯಲ್ಲಿರಲಿ, ಇದರ ಬಗ್ಗೆ ಹೇಳೋದೇನೂ ಇಲ್ಲ.

ಪರೀಕ್ಷೆ ಹಿಂದಿನ ದಿನ ಹೊಸ ಚೀಟಿ ಬರೆಯಬೇಡಿ. ಮೊದಲ ಖಾನೆಯಲ್ಲಿ ಉಳಿದದ್ದನ್ನು ಎರಡು ಸುತ್ತು ನೋಡಿ ಮಲಗಿ. ಹೋದ ಭಾನುವಾರ ನಮ್ಮ ಡಬ್ಬದ ಮೊದಲ ಖಾನೆಯಲ್ಲಿ ಒಂಬತ್ತು ಚೀಟಿ ಇದ್ದವು. ಅಪಧಮನಿಯದು ಮೂರನೆಯದಕ್ಕೆ ಹೋಗಿತ್ತು.