ಮೊದಲ ಬಹುಮಾನ ಕಿತ್ತುಹಾಕಿದ ಮೇಲೆ ನನ್ನ ಮ್ಯಾಜಿಕ್ ಟೂರ್ನಿ ಕುದುರಿತು

ನಾನು ನಡೆಸುವ ‘ಮ್ಯಾಜಿಕ್: ದ ಗ್ಯಾದರಿಂಗ್’ ಕಾರ್ಡ್ ಆಟದ ಟೂರ್ನಿ ಅಂತೂ ಮೂರನೇ ಸಲಕ್ಕೆ ಸರಿಹೋಯಿತು. ಮೊದಲೆರಡು ಸಲ ಕೈಯಿಂದ ದುಡ್ಡು ಹೋಗಿತ್ತು, ಜೊತೆಗೆ ಮರ್ಯಾದೆಯೂ ಒಂದಿಷ್ಟು. ಈ ಸಲ 24 ಜನ ಬಂದರು. ಐದನೇ ರೌಂಡ್ ಮುಗಿಯುವ ಹೊತ್ತಿಗೂ 22 ಜನ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಖರ್ಚೆಲ್ಲ ಕಳೆದು ಸ್ವಲ್ಪ ಉಳಿದೂ ಇತ್ತು.

‘ಮೊದಲ ಬಹುಮಾನ ಇಲ್ಲದ ಟೂರ್ನಿಗೆ ನಾಯಿಯೂ ಬರಲ್ಲ ಕಣೋ’ ಅಂದಿದ್ದ ನನ್ನ ಹಳೇ ಗೆಳೆಯ. ಮ್ಯಾಜಿಕ್ ಆಡುವುದರಲ್ಲಿ ನನಗಿಂತ ಹಿರಿಯ, ಆಡಿಸುವುದರಲ್ಲಿ ಅಲ್ಲ. ಅವನ ಕಥೆ ಕೊನೆಗೆ ಬರುತ್ತದೆ.

ದುಡ್ಡಿನ ಮಾತನ್ನು ಪ್ಯಾಕಿನ ಲೆಕ್ಕದಲ್ಲೇ ಹೇಳುತ್ತೇನೆ. ಬೂಸ್ಟರ್ (ಒಳಗೆ ಯಾವ ಕಾರ್ಡ್ ಇದೆ ಅಂತ ಗೊತ್ತಿಲ್ಲದ ಮುಚ್ಚಿದ ಪ್ಯಾಕ್) ಬೆಲೆ ಒಂದೊಂದು ಸೆಟ್‌ಗೆ ಒಂದೊಂದು. ಹಾಗಾಗಿ ‘ಇಷ್ಟು ಪ್ಯಾಕ್’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ನೆನಪಿನಿಂದ ಬರೆಯುತ್ತಿದ್ದೇನೆ, ಒಂದೆರಡು ಆಚೀಚೆ ಇರಬಹುದು.

ಮೊದಲ ಟೂರ್ನಿಯ ಬಹುಮಾನ ಒಂದು ಪೂರ್ತಿ ಬೂಸ್ಟರ್ ಬಾಕ್ಸ್, ಅದರಲ್ಲಿ 36 ಪ್ಯಾಕ್ ಇದ್ದವು. ಗೆದ್ದವರಿಗೇ ಎಲ್ಲ. ಬಾಕ್ಸ್ ನೋಡಿ ಜನ ಮುಗಿಬೀಳುತ್ತಾರೆ ಅಂದುಕೊಂಡಿದ್ದೆ. ಬರುತ್ತೇವೆ ಅಂದವರು 11, ಬಂದವರು 7. ಪ್ರವೇಶ ಶುಲ್ಕ ತಲೆಗೆ 3 ಪ್ಯಾಕ್, ಒಟ್ಟು 21. ಹಾಲ್ ಬಾಡಿಗೆ ಸುಮಾರು 20. ನೀವೇ ಲೆಕ್ಕ ಹಾಕಿ. 35 ಪ್ಯಾಕಿನಷ್ಟು ನನ್ನ ಜೇಬಿನಿಂದ ಹೋಯಿತು. ಅದಕ್ಕಿಂತ ದೊಡ್ಡ ತಪ್ಪು, ನಾಕೌಟ್ ಇಟ್ಟಿದ್ದು. 40 ನಿಮಿಷಕ್ಕೆ ಮೂರು ಜನ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟರು. ಅವರಲ್ಲಿ ಒಬ್ಬರು ಎರಡು ಗಂಟೆ ಪ್ರಯಾಣ ಮಾಡಿ ಬಂದಿದ್ದರು. ಬಾಗಿಲ ಹತ್ತಿರ ‘ಇಷ್ಟೇನಾ?’ ಅಂತ ಕೇಳಿದರು. ಅವರಿಗೆ ಏನು ಹೇಳಲಿ?

ಎರಡನೇ ಸಲ ಬುದ್ಧಿ ಬಂದು ಸ್ವಿಸ್ ಹಾಕಿದೆ, ಅಂದರೆ ಸೋತರೂ ಹೊರಬೀಳದೆ, ಪ್ರತಿ ರೌಂಡೂ ತಮ್ಮಷ್ಟೇ ಪಾಯಿಂಟ್ ಇರುವವರ ಜೊತೆ ಆಡುವ ಪದ್ಧತಿ. 16 ಜನ, ನಾಲ್ಕು ರೌಂಡ್, ಆಮೇಲೆ ಮೊದಲ ನಾಲ್ವರಿಗೆ ನಾಕೌಟ್. ಬಹುಮಾನ ಅದೇ 36 ಪ್ಯಾಕ್, ಆದರೆ ಹಂಚಿ: 16, 10, 5, 5. ಇದು ಪುಸ್ತಕದ ಪ್ರಕಾರ ಸರಿಯೇ ಇತ್ತು. ಆದರೆ ಎರಡು ರೌಂಡ್ ಮುಗಿದ ಕೂಡಲೇ ಎರಡನ್ನೂ ಸೋತ ನಾಲ್ವರು ಡ್ರಾಪ್ ಆದರು. ಅವರ ತಪ್ಪೇನೂ ಇಲ್ಲ. ಬಹುಮಾನದ ಆಸೆ ಹೋದ ಮೇಲೆ ಯಾಕೆ ಕೂರಬೇಕು? ಮೂರನೇ ರೌಂಡ್ ಆದಮೇಲೆ ಮತ್ತೆ ನಾಲ್ವರು ಹೋದರು. ಕೊನೆಯ ರೌಂಡಿಗೆ ಉಳಿದದ್ದು ಎಂಟು ಜನ. ಅದರಲ್ಲೂ 3-0 ಇದ್ದ ಇಬ್ಬರು ಕೈಕುಲುಕಿ ಡ್ರಾ ಅಂದರು, ತಲಾ 10 ಪಾಯಿಂಟ್ (ಗೆಲುವಿಗೆ 3, ಡ್ರಾಗೆ 1) ಎತ್ತಿಕೊಂಡು ಹೊರಗೆ ಹೋಗಿ ಕೂತರು. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ, ನಾನು ಏನೂ ಅನ್ನುವ ಹಾಗಿಲ್ಲ. ಉಳಿದ ಮೂರು ಟೇಬಲ್‌ಗಳಲ್ಲಿ ಗೆದ್ದ ಮೂವರಿಗೆ 9 ಪಾಯಿಂಟ್. ಜಾಗ ಎರಡೇ. ಮೊದಲ ರೌಂಡಿನಲ್ಲೇ ಸೋತು, ಆಮೇಲೆ ಮೂರಕ್ಕೆ ಮೂರು ಗೆದ್ದ ಹುಡುಗ, ಪಾಯಿಂಟ್ ಸಮವಾದಾಗ ನೋಡುವ ಟೈಬ್ರೇಕ್‌ನಲ್ಲಿ ಹೊರಬಿದ್ದ. ಶುರುವಿನಲ್ಲೇ ಸೋತವರಿಗೆ ಆಮೇಲೆ ಸಿಗುವ ಎದುರಾಳಿಗಳೂ ಸೋತವರೇ. ಹಾಗಾಗಿ ಎದುರಾಳಿಗಳ ಗೆಲುವಿನ ಶೇಕಡಾವಾರು ಸಾಮಾನ್ಯವಾಗಿ ಕಡಿಮೆ. ಇದನ್ನು ಅವನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವನು ತಲೆಯಾಡಿಸಿದ. ಮತ್ತೆ ಯಾವತ್ತೂ ಬರಲಿಲ್ಲ.

ಆ ಸಲದ ನಷ್ಟ 13 ಪ್ಯಾಕ್ ಚಿಲ್ಲರೆ. ಫೈನಲ್ ಮುಗಿಯುವಾಗ ಏಳೂವರೆ ಗಂಟೆ ಕಳೆದಿತ್ತು. ನೋಡುವುದಕ್ಕೆ ನಾನೊಬ್ಬನೇ ಇದ್ದೆ, ಆಮೇಲೆ ಕುರ್ಚಿ ಜೋಡಿಸುವವರು.

ಮನೆಗೆ ಬಂದು ಲೆಕ್ಕದ ಹಾಳೆ ನೋಡುತ್ತಾ ಕೂತಾಗ ಒಂದು ಸರಳ ವಿಷಯ ಹೊಳೆಯಿತು. ಸ್ವಿಸ್‌ನಲ್ಲಿ ಒಟ್ಟು ಎಷ್ಟು ಗೆಲುವು ಆಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಜನದ ಅರ್ಧವನ್ನು ರೌಂಡಿನಿಂದ ಗುಣಿಸಿದರೆ ಆಯಿತು. 24 ಜನ, 5 ರೌಂಡ್, 60 ಗೆಲುವು. ಬೈ ಸಿಕ್ಕವರನ್ನು (ಜೋಡಿ ಇಲ್ಲದೆ ಆಡದೆಯೇ ಗೆದ್ದವರು) ಗೆದ್ದವರ ಜೊತೆ ಸೇರಿಸಿದರೂ ಹೆಚ್ಚು ಕಡಿಮೆ ಅಷ್ಟೇ. ಡ್ರಾ ಆದರೆ, ಜನ ಬಿಟ್ಟು ಹೋದರೆ ಗೆಲುವು ಕಡಿಮೆಯಾಗುತ್ತದೆಯೇ ಹೊರತು ಜಾಸ್ತಿ ಆಗಲ್ಲ. ಅಂದರೆ ಒಂದು ಗೆಲುವಿಗೆ ಒಂದು ಪ್ಯಾಕ್ ಅಂತ ಇಟ್ಟರೆ ಖರ್ಚು 60 ದಾಟುವ ಮಾತೇ ಇಲ್ಲ. ಗೆದ್ದ ಕ್ಷಣದಲ್ಲೇ ಪ್ಯಾಕ್ ಕೈಗೆ. ಮೊದಲನೆಯವರಿಗೆ ಬೇರೆ ಏನೂ ಇಲ್ಲ.

ಇದನ್ನು ಹೇಳಿದಾಗಲೇ ಗೆಳೆಯ ನಾಯಿಯ ಮಾತಾಡಿದ್ದು. ಇನ್ನೊಬ್ಬರು ‘ಇದೆಲ್ಲ ಎಲ್ಲಿಂದ ತಂದ್ರಿ ಹೊಸ ಪದ್ಧತಿ?’ ಅಂದರು. ಸ್ವಿಸ್ ಪದ್ಧತಿ 1895ರಲ್ಲೇ ಜ್ಯೂರಿಕ್‌ನ ಚೆಸ್ ಟೂರ್ನಿಯಲ್ಲಿ ಬಳಕೆಗೆ ಬಂದದ್ದು, ನಾನು ಬದಲಾಯಿಸಿದ್ದು ಬಹುಮಾನದ ಡಬ್ಬಿಯನ್ನಷ್ಟೇ ಅಂದೆ. ಅವರು ನಗಲಿಲ್ಲ.

ಶುಲ್ಕ 3ರಿಂದ 4 ಪ್ಯಾಕಿಗೆ ಏರಿಸಿದೆ. 24 ಜನಕ್ಕೆ 96. ಬಹುಮಾನ 60, ಹಾಲ್ 25, ಉಳಿದ 11ರಲ್ಲಿ ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಸ್ಲೀವ್, ಚೀಟಿ, ಪೆನ್ನು, ಚಿಲ್ಲರೆ. ನಾಲ್ಕು ಗೆದ್ದರೆ ಮಾತ್ರ ಅಸಲು ಬರುತ್ತದೆ ಅಂತ ಕೆಲವರು ಗೊಣಗಿದರು. ಹೌದು, ಹಾಲ್ ಏನು ಪುಕ್ಕಟೆ ಬರುತ್ತದಾ? ಪ್ಯಾಕ್‌ಗಳು ನನಗೆ ಪಟ್ಟಿ ಬೆಲೆಗಿಂತ ಸ್ವಲ್ಪ ಕಡಿಮೆಗೆ ಸಿಕ್ಕವು ಅನ್ನುವುದೂ ನಿಜ. ಯಾರಿಂದ, ಹೇಗೆ ಅಂತ ಕೇಳಬೇಡಿ. ಶುಲ್ಕ ಮುಂಗಡ ಕೊಟ್ಟವರ ಹೆಸರು ಮಾತ್ರ ಪಟ್ಟಿಯಲ್ಲಿ. ‘ಬರ್ತೀನಿ’ ಅನ್ನುವ ಮಾತಿಗೆ ನಾನು ಈಗ ಕುರ್ಚಿ ಹಾಕುವುದಿಲ್ಲ.

ಡೆಕ್ (ಒಬ್ಬೊಬ್ಬರೂ ಆಡುವ 60 ಕಾರ್ಡಿನ ಕಟ್ಟು) ವಿಷಯದಲ್ಲೂ ಒಂದು ತಿರುವು ಕೊಟ್ಟೆ. ಪಾಪರ್ ಇಟ್ಟೆ, ಅಂದರೆ 1993ರಿಂದ ಈಚೆಗೆ ಕಾಮನ್ ಆಗಿ, ಅಂದರೆ ಪ್ಯಾಕ್ ತುಂಬ ಸಿಗುವ ಅಗ್ಗದ ದರ್ಜೆಯಲ್ಲಿ, ಬಂದ ಕಾರ್ಡ್‌ಗಳು ಮಾತ್ರ. ಎಂಟು ಡೆಕ್ ನಾನೇ ಕಟ್ಟಿ ಸಾಲ ಕೊಡಲು ಇಟ್ಟೆ. ಎಂಟಕ್ಕೂ ಸೇರಿ ಆದ ಖರ್ಚು ‘ಮಾಡರ್ನ್’ ಅನ್ನುವ ದುಬಾರಿ ಬಗೆಯ ಒಂದು ಒಳ್ಳೆಯ ಡೆಕ್‌ಗಿಂತ ಕಡಿಮೆ. ಆರು ಡೆಕ್ ಹೊರಟವು, ಅಂದರೆ ಇಲ್ಲದಿದ್ದರೆ ಬರುತ್ತಲೇ ಇರದ ಆರು ಜನ.

ಇಲ್ಲಿ ಒಂದು ಪೆಟ್ಟು ತಿಂದೆ. ಮೊದಲ ಟ್ರಯಲ್‌ನಲ್ಲಿ ಎಂಟಕ್ಕೂ ಕಪ್ಪು ಸ್ಲೀವ್ ಹಾಕಿದ್ದೆ, ಒಟ್ಟಿಗೆ ತಂದರೆ ಅಗ್ಗ ಅಂತ. ಸಂಜೆ ಎಲ್ಲ ಒಟ್ಟುಗೂಡಿಸಿದಾಗ ಒಂದು ಡೆಕ್‌ನಲ್ಲಿ 59, ಇನ್ನೊಂದರಲ್ಲಿ 63. ಯಾವುದು ಯಾರದ್ದು ಅಂತ ಬಿಡಿಸಲು ರಾತ್ರಿ ಒಂದು ಗಂಟೆಯಾಯಿತು. ಈಗ ಎಂಟು ಬಣ್ಣ, ಪ್ರತಿ ಡಬ್ಬಿಯೊಳಗೆ ಕಾರ್ಡ್ ಪಟ್ಟಿ, ಹತ್ತು ಹೆಚ್ಚುವರಿ ಸ್ಲೀವ್. ನಾಲ್ಕನೇ ರೌಂಡ್ ಹೊತ್ತಿಗೆ ಸ್ಲೀವ್ ಮೂಲೆ ಮಡಚಿಕೊಳ್ಳುತ್ತದೆ, ಆಗ ಎದುರಾಳಿ ‘ಗುರುತು ಹಾಕಿದ ಕಾರ್ಡ್’ ಅಂತ ಕೈ ಎತ್ತುತ್ತಾನೆ.

ಇನ್ನೊಂದು, ಹೊಸಬರಿಗೆ ನೀಲಿ ಕಂಟ್ರೋಲ್ ಡೆಕ್, ಅಂದರೆ ಎದುರಾಳಿಯ ಕಾರ್ಡ್ ತಡೆಯುತ್ತಾ ನಿಧಾನ ಆಡುವ ಡೆಕ್, ಕೊಡಬೇಡಿ. ಕೊಟ್ಟು ನೋಡಿದ್ದೇನೆ. ಕೈಯಲ್ಲಿ ಕೌಂಟರ್‌ಸ್ಪೆಲ್ ಇಟ್ಟುಕೊಂಡು ಪ್ರತಿ ಕಾರ್ಡಿಗೂ ಎರಡು ನಿಮಿಷ ಯೋಚಿಸುತ್ತಾರೆ, ಪ್ರತಿ ರೌಂಡೂ 50 ನಿಮಿಷ ದಾಟಿ ಐದು ಹೆಚ್ಚುವರಿ ಟರ್ನ್‌ಗೆ ಹೋಗುತ್ತದೆ, ಇಡೀ ಹಾಲ್ ಅವರನ್ನೇ ಕಾಯುತ್ತದೆ. ಕೆಂಪು ಡೆಕ್ ಕೊಡಿ. ಗೆದ್ದರೂ ಸೋತರೂ ಬೇಗ.

ಮೂರನೇ ರೌಂಡಿನಲ್ಲಿ ಆರನೇ ಟೇಬಲ್ ಹಿಂದೆ ನಿಂತಿದ್ದೆ. ಕೆಂಪು ಡೆಕ್ ಸಾಲ ತಗೊಂಡ ಹುಡುಗಿ. ಎದುರಿನವನ ಲೈಫ್ 3ಕ್ಕೆ ಇಳಿದಿದೆ. ಇವಳ ಕೈಯಲ್ಲಿ ಲೈಟ್ನಿಂಗ್ ಬೋಲ್ಟ್ ಇದೆ, ಆಟಗಾರನ ಮೇಲೇ ನೇರ ಹಾಕಬಹುದಾದ 3ರ ಪೆಟ್ಟು. ಅದನ್ನು ಆಡಲು ಬೇಕಾದ ಮೌಂಟನ್ ಕಾರ್ಡ್ ಎರಡು ಬಳಸದೆ ನಿಂತಿವೆ. ಇವಳು ಅವನು ಕ್ರೀಚರ್ (ಹೊಡೆದಾಡುವ ಜೀವಿಯ ಕಾರ್ಡ್) ಇಳಿಸಲಿ ಅಂತ ಕಾಯುತ್ತಿದ್ದಾಳೆ. ಬಾಯಿ ಬಿಡುವ ಹಾಗಿಲ್ಲ, ತುಟಿ ಕಚ್ಚಿಕೊಂಡು ನಿಂತೆ. ಒಂದು ಟರ್ನ್ ಹೋಯಿತು. ಇನ್ನೊಂದು ಹೋಯಿತು. ಕೊನೆಗೆ ಅವಳು ಕೈ ಎತ್ತಿದಳು. ‘ಸರ್, ಇದನ್ನ ಕ್ರೀಚರ್ ಮೇಲೇ ಹಾಕ್ಬೇಕಾ?’ ಕಾರ್ಡ್ ಮೇಲೆ ಏನು ಬರೆದಿದೆಯೋ ಓದಿ ಅಂದೆ ಅಷ್ಟೇ. ಅವಳು ಓದಿದಳು. ಮತ್ತೆ ಓದಿದಳು. ಕಾರ್ಡನ್ನು ಟೇಬಲ್ ಮೇಲೆ ಇಟ್ಟು ಎದುರಿನವನ ಮುಖ ನೋಡಿದಳು. ಅವನು ಆಗಲೇ ಶಫಲ್ ಮಾಡಲು ಕಾರ್ಡ್ ಎತ್ತಿಕೊಳ್ಳುತ್ತಿದ್ದ.

ಪೇರಿಂಗ್‌ಗೆ ಆಪ್ ಇಟ್ಟಿದ್ದೆ, ಯಾರಿಗೆ ಯಾರು ಎದುರು ಅಂತ ಜೋಡಿಸಲು. ಎರಡನೇ ರೌಂಡಿನಲ್ಲೇ ಫೋನ್ ಬ್ಯಾಟರಿ ಸತ್ತಿತು. ಪುಣ್ಯಕ್ಕೆ ಚೀಟಿಗಳು ಇದ್ದವು. ಒಬ್ಬರಿಗೆ ಒಂದು ರಟ್ಟಿನ ಚೀಟಿ. ಮೇಲೆ ಹೆಸರು, ಬಲಗಡೆ ಪಾಯಿಂಟ್, ಕೆಳಗೆ ಆಡಿದ ಎದುರಾಳಿಗಳ ನಂಬರ್. ರೌಂಡ್ ಮುಗಿದ ಮೇಲೆ ಪಾಯಿಂಟ್ ಪ್ರಕಾರ ಗುಡ್ಡೆ ಮಾಡಿ, ಪ್ರತಿ ಗುಡ್ಡೆ ಕಲಸಿ, ಎರಡೆರಡು ಇಳಿಸುತ್ತಾ ಹೋಗುವುದು. ಮೊದಲೇ ಆಡಿದ ಜೋಡಿ ಬಿದ್ದರೆ ಪಕ್ಕದ ಜೋಡಿಯ ಜೊತೆ ಅದಲು ಬದಲು. ಗುಡ್ಡೆಯಲ್ಲಿ ಬೆಸ ಉಳಿದವರು ಕೆಳಗಿನ ಗುಡ್ಡೆಗೆ. ನಾಲ್ಕು ನಿಮಿಷದ ಕೆಲಸ. ಕೊನೆಯ ರೌಂಡಿನಲ್ಲಿ ಮಾತ್ರ ಇದು ಸಿಕ್ಕು ಬೀಳುತ್ತದೆ. ಅದನ್ನು ಬಿಡಿಸಲು ನನ್ನ ಹತ್ತಿರ ಒಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯಲ್ಲ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಗೆಲುವಿಗೆ ಪ್ಯಾಕ್ ಅಂದರೆ ಡ್ರಾ ಆದರೆ ಇಬ್ಬರಿಗೂ ಏನೂ ಇಲ್ಲ. ಬೇಕಂತಲೇ ಡ್ರಾ ಮಾಡಿಕೊಳ್ಳುವುದು ತಾನಾಗಿ ನಿಂತಿತು, ಖುಷಿಪಟ್ಟೆ. ಆದರೆ ಟ್ರಯಲ್ ದಿನವೇ ಒಂದು ಟೇಬಲ್‌ನಲ್ಲಿ ಟೈಮ್ ಮುಗಿದಾಗ ಪಿಸುಮಾತು ಕೇಳಿಸಿತು: ‘ನೀನು ಬಿಟ್ಟುಕೊಡು, ಪ್ಯಾಕ್ ಇಬ್ಬರೂ ಸೇರಿ ಒಡೆಯೋಣ.’ ಅಧಿಕೃತ ಟೂರ್ನಿಯಲ್ಲಿ ಇದು ಲಂಚ, ಶಿಕ್ಷೆ ಇದೆ. ಈ ಹುಡುಗರಿಗೆ ಅದು ಗೊತ್ತಿರಲೇ ಇಲ್ಲ, ಸುಮ್ನೆ ಸ್ನೇಹದಲ್ಲಿ ಮಾತಾಡಿಕೊಂಡಿದ್ದು. ಬೈದು ಪ್ರಯೋಜನವಿಲ್ಲ, ನಾನೇ ಮಾಡಿದ ನಿಯಮ ಅವರನ್ನು ಅಲ್ಲಿಗೆ ತಳ್ಳಿತ್ತು.

ಮನೆಗೆ ಹೋಗಿ ತಲೆ ಕೆರೆದುಕೊಂಡು ಹುಡುಕಿದ ದಾರಿ ಇದು. ಡ್ರಾ ಆದ ಪಂದ್ಯದ ಪ್ಯಾಕ್ ಒಂದು ಡಬ್ಬಿಗೆ ಹೋಗುತ್ತದೆ. ಕೊನೆಯ ರೌಂಡ್ ಆಡಿ ಮುಗಿಸಿದವರ ಹೆಸರು ಮಾತ್ರ ಚೀಟಿ ಎತ್ತುವುದಕ್ಕೆ. ಎಷ್ಟು ಗೆದ್ದರು ಅಂತ ಕೇಳುವುದಿಲ್ಲ. ಪಿಸುಮಾತಿಗೆ ಇದೇ ಮದ್ದು ಅಂತ ಹೇಳಲ್ಲ. ರೌಂಡಿಗೆ ಮೊದಲು ಲಂಚದ ನಿಯಮವನ್ನು ಜೋರಾಗಿ ಓದುತ್ತೇನೆ, ಅದು ಜಾಸ್ತಿ ಕೆಲಸ ಮಾಡಿರಬೇಕು. ಆದರೆ ಡಬ್ಬಿ ಇನ್ನೊಂದು ಕೆಲಸ ಮಾಡಿತು, ನಾನು ಎಣಿಸಿಯೇ ಇರಲಿಲ್ಲ: ಜನ ಎದ್ದು ಹೋಗಲಿಲ್ಲ! 0-3 ಇದ್ದವರೂ ಡಬ್ಬಿಯ ಕಡೆ ನೋಡುತ್ತಾ ಕೂತರು. ಕೊನೆಯ ರೌಂಡಿಗೆ ಮೊದಲು ಇಬ್ಬರು ಮಾತ್ರ ಹೋದರು, ಅದರಲ್ಲಿ ಒಬ್ಬರಿಗೆ ಬಸ್ ಹಿಡಿಯಬೇಕಿತ್ತು. ಅಂದರೆ 60ರ ಬದಲು 59 ಪಂದ್ಯ, ನಾಲ್ಕು ಡ್ರಾ. ಉಳಿದ ಒಂದನ್ನೂ ಸೇರಿಸಿ ಡಬ್ಬಿಯಲ್ಲಿ ಐದು ಪ್ಯಾಕ್. ಐದಕ್ಕೆ ಐದೂ ಸೋತ ಒಬ್ಬರಿಗೆ ಚೀಟಿಯಲ್ಲಿ ಒಂದು ಪ್ಯಾಕ್ ಬಂತು. ಚಪ್ಪಾಳೆ ಜಾಸ್ತಿ ಬಿದ್ದದ್ದು ಅವರಿಗೇ.

ಗೆದ್ದವರಿಗೆ ಏನೂ ಇಲ್ಲ ಅಂದೆನಲ್ಲ, ಪೂರ್ತಿ ನಿಜವಲ್ಲ. ಕಾರ್ಡ್ ಕೆಳಗೆ ಹಾಸುವ ನನ್ನ ಹಳೇ ಪ್ಲೇಮ್ಯಾಟ್ ಒಂದರ ಮೇಲೆ ಅವರ ಸಹಿ ಹಾಕಿಸುತ್ತೇನೆ, ಮುಂದಿನ ಸಲ ಅದು ಒಂದನೇ ಟೇಬಲ್ ಮೇಲೆ ಇರುತ್ತದೆ. ಖರ್ಚು ಸೊನ್ನೆ. ಸಹಿ ಹಾಕುವಾಗ ಆ ಮನುಷ್ಯನ ಕೈ ಸಣ್ಣಗೆ ನಡುಗುತ್ತಿತ್ತು ಅಂದರೆ ನಂಬುತ್ತೀರಾ?

ನಡುವೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ರೌಂಡನ್ನು 40 ನಿಮಿಷಕ್ಕೆ ಇಳಿಸಿ ನೋಡಿದೆ, ಡ್ರಾ ಎರಡರಷ್ಟಾದವು. ಮೂರರ ಬದಲು ಒಂದೇ ಗೇಮ್ ಇಟ್ಟೆ, ‘ಲ್ಯಾಂಡ್ ಬರಲಿಲ್ಲ ಸೋತೆ’ (ಲ್ಯಾಂಡ್ ಅಂದರೆ ಬೇರೆ ಕಾರ್ಡ್ ಆಡಲು ಬೇಕಾದ ಮೌಂಟನ್ ಥರದ ಕಾರ್ಡ್) ಅನ್ನುವ ರಾಗ ಕೇಳಿ ಕೇಳಿ ಸಾಕಾಯಿತು. ಕಮಾಂಡರ್‌ಗೆ (ನಾಲ್ವರು ಒಟ್ಟಿಗೆ ಕೂತು ಆಡುವ ಬಗೆ) ಪಾಯಿಂಟ್ ಪಟ್ಟಿ ಮಾಡಿ ಬಹುಮಾನ ಇಟ್ಟಿದ್ದು ಎಲ್ಲಕ್ಕಿಂತ ಕೆಟ್ಟದ್ದು. ನಾಲ್ವರಲ್ಲಿ ಒಬ್ಬ ಅರ್ಧ ಗಂಟೆಗೆ ಸತ್ತು ಎರಡು ಗಂಟೆ ಗೋಡೆ ನೋಡಿಕೊಂಡು ಕೂತ, ಉಳಿದ ಮೂವರು ರಾಜಕೀಯ ಮಾಡಿಕೊಂಡರು. ಈಗ ಕಮಾಂಡರ್ ಟೇಬಲ್ ಮೂಲೆಯಲ್ಲಿ ಸುಮ್ನೆ ಇದೆ, ಬಹುಮಾನವಿಲ್ಲ, ಅಲ್ಲೇ ನಗು ಜಾಸ್ತಿ. ಕ್ಯೂಬ್ ಡ್ರಾಫ್ಟ್, ಅಂದರೆ ಮೊದಲೇ ಆರಿಸಿಟ್ಟ ಕಾರ್ಡ್ ರಾಶಿಯಿಂದ ಎಲ್ಲರೂ ಅಲ್ಲೇ ಆರಿಸಿ ಡೆಕ್ ಕಟ್ಟುವುದು, ಚೆನ್ನಾಗಿ ಹೋಯಿತು. ಎಂಟು ಜನ, ತಲಾ 45, ಒಟ್ಟು 360 ಕಾರ್ಡ್. ವಾಪಸ್ ಬಂದದ್ದು 359. ಆ ಒಂದು ಕಾರ್ಡ್ ಮುಂದಿನ ವಾರ ಯಾರದೋ ಡೆಕ್ ಡಬ್ಬಿಯ ತಳದಿಂದ ಕ್ಷಮೆಯ ಜೊತೆ ಬಂತು. ಈಗ ಎಣಿಸದೆ ಯಾರನ್ನೂ ಏಳಲು ಬಿಡುವುದಿಲ್ಲ.

ಮುಂದಿನ ಟೂರ್ನಿಗೆ 32 ಹೆಸರು ಬಂದು ಪಟ್ಟಿ ಮುಚ್ಚಿದ್ದೇನೆ. 33 ಆದರೆ ಆರನೇ ರೌಂಡ್ ಹಾಕಬೇಕು, ಹಾಲ್ ಅಷ್ಟು ಹೊತ್ತು ಸಿಗಲ್ಲ. ಮೂವತ್ತಮೂರನೆಯವನಾಗಿ ಫೋನ್ ಮಾಡಿದ್ದು ನಾಯಿಯ ಮಾತಾಡಿದ ಗೆಳೆಯ. ‘ನನಗೊಂದು ಜಾಗ ಮಾಡೋ’ ಅಂದ. ಮಾಡಿದ್ದೇನೆ. ಟೈಮರ್ ನೋಡಿಕೊಳ್ಳಲು ಒಬ್ಬರು ಬೇಕಿತ್ತು.