ಕೆರೆಯ ಪಾಚಿ ಕಟ್ಟುವ ಶಕ್ತಿಯನ್ನು ನಾನು ಅಳೆಯುವ ಬಗೆ

ಆಹಾರ ಸರಪಳಿಯ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಶೇ 10ರಷ್ಟು ಶಕ್ತಿ ದಾಟುತ್ತದೆ ಎಂದು ಎಲ್ಲರೂ ಶಾಲೆಯಲ್ಲಿ ಕಲಿತಿರುತ್ತೇವೆ. ಆದರೆ ರೇಮಂಡ್ ಲಿಂಡೆಮನ್ 1942ರಲ್ಲಿ ಅಮೆರಿಕದ ಸೀಡರ್ ಬಾಗ್ ಸರೋವರಕ್ಕೆ ಕೊಟ್ಟ ಲೆಕ್ಕದಲ್ಲೇ ಸಸ್ಯಾಹಾರಿಗಳ ಹಂತದಲ್ಲಿ ಶೇ 13.3, ಅವನ್ನು ತಿನ್ನುವವುಗಳ ಹಂತದಲ್ಲಿ ಶೇ 22.3 ಇದೆ. ಅದಕ್ಕೇ ನಾನು ಆ ಹತ್ತನ್ನು ನಂಬಿ ಕೂರದೆ, ಬುಡದಲ್ಲಿರುವ ಪಾಚಿಯ ಉತ್ಪಾದನೆಯನ್ನೇ ಮೊದಲು ಅಳೆಯುತ್ತೇನೆ. ಬೆಳಕಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಕತ್ತಲಲ್ಲಿ ಉಸಿರಾಟ ಮಾತ್ರ ನಡೆದು ಅದು ಖರ್ಚಾಗುತ್ತದೆ; ಆ ವ್ಯತ್ಯಾಸವೇ ನನ್ನ ಅಳತೆಗೋಲು.

ಬೇಕಾಗುವುದು 300 ಮಿ.ಲೀ.ನ ಬಿಒಡಿ ಬಾಟಲಿಗಳು (ನೀರಿನ ಆಮ್ಲಜನಕ ಅಳೆಯಲು ಬಳಸುವ, ಬಿಗಿ ಬಿರಡೆಯ ಗಾಜಿನ ಬಾಟಲಿಗಳು). ಪ್ರತಿ ಆಳಕ್ಕೂ ಮೂರು: ಒಂದು ಆರಂಭದ ಆಮ್ಲಜನಕಕ್ಕೆ, ಒಂದು ಬೆಳಕಿಗೆ, ಇನ್ನೊಂದು ಕತ್ತಲಿಗೆ. ಕತ್ತಲಿನದಕ್ಕೆ ಕಪ್ಪು ಟೇಪ್ ಸುತ್ತಿ, ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಬೇಕು, ಬಿರಡೆಯನ್ನೂ ಬಿಡಬಾರದು. ರಬ್ಬರ್ ನಳಿಗೆಯನ್ನು ತಳ ಮುಟ್ಟಿಸಿ, ಬಾಟಲಿಯ ಎರಡು-ಮೂರು ಪಟ್ಟು ನೀರು ಉಕ್ಕಿ ಹೋಗುವ ತನಕ ತುಂಬಿಸಿ. ಒಂದು ಗುಳ್ಳೆ ಉಳಿದರೂ ಫಲಿತಾಂಶ ಕೆಡುತ್ತದೆ.

ಆಮ್ಲಜನಕವನ್ನು ಹಿಡಿದಿಡಲು ಆರಂಭದ ಬಾಟಲಿಗೆ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್-ಅಜೈಡ್ ತಲಾ 2 ಮಿ.ಲೀ. ಹಾಕುತ್ತೇನೆ. ಅಜೈಡ್ ವಿಷ, ಪಿಪೆಟ್ಟಿಗೆ ಬಾಯಿ ಹಚ್ಚಲೇಬಾರದು. ಚರಂಡಿ ನೀರು ಸೇರುವ ಕೆರೆಗಳಲ್ಲಿ ನೈಟ್ರೈಟ್ ಅಡ್ಡ ಬರುವುದರಿಂದ ಅಜೈಡನ್ನು ಬಿಡುವಂತೆಯೂ ಇಲ್ಲ. ಕಂದು ಗಸಿ ಕೆಳಗಿಳಿದ ಮೇಲೆ 2 ಮಿ.ಲೀ. ಗಂಧಕಾಮ್ಲ ಹಾಕಿ, ಗಸಿ ಕರಗಿದ ಬಳಿಕ 0.025 ನಾರ್ಮಲ್ ಸಾಂದ್ರತೆಯ ಥಯೊಸಲ್ಫೇಟಿನಿಂದ ಟೈಟ್ರೇಷನ್ (ಹನಿಹನಿಯಾಗಿ ಸೇರಿಸಿ ಅಳೆಯುವುದು). ಬಣ್ಣ ತೆಳು ಹಳದಿಗೆ ಬಂದಾಗ ಪಿಷ್ಟದ ದ್ರಾವಣ ಸೇರಿಸಿ, ನೀಲಿ ಮಾಯವಾಗುವವರೆಗೆ ಮುಂದುವರಿಸಬೇಕು. 203 ಮಿ.ಲೀ. ಮಾದರಿಗೆ ಖರ್ಚಾದ ಪ್ರತಿ ಮಿ.ಲೀ.ಯೂ ಲೀಟರಿಗೆ 1 ಮಿ.ಗ್ರಾಂ ಆಮ್ಲಜನಕ.

ಉಳಿದೆರಡನ್ನು ನೀರು ತೆಗೆದ ಆಳದಲ್ಲೇ, ಒಂದರ ನೆರಳು ಇನ್ನೊಂದಕ್ಕೆ ಬೀಳದಂತೆ, 4 ಗಂಟೆ ತೂಗುಬಿಟ್ಟು ಆಮೇಲೆ ಹೀಗೆಯೇ ಅಳೆಯುತ್ತೇನೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಗಾಜಿನ ಒಳಮೈಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ದಟ್ಟ ಹಸಿರು ನೀರಿನಲ್ಲಂತೂ ಆಮ್ಲಜನಕ ಗುಳ್ಳೆಗಟ್ಟಿ ಬಿರಡೆ ತೆಗೆದೊಡನೆ ಹಾರಿಹೋಗುತ್ತದೆ; ಅಲ್ಲಿ 2 ಗಂಟೆ ಸಾಕು. ನಡುಹಗಲಿನ ದರವನ್ನು 12ರಿಂದ ಗುಣಿಸಿದರೆ ಇಡೀ ದಿನದ ಉತ್ಪಾದನೆ ವಿಪರೀತ ಹಿಗ್ಗುತ್ತದೆ. ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಸರದಿಗಳಲ್ಲಿ ಅಳೆದು ಕೂಡಿಸುವುದೇ ಸರಿ.

4 ಗಂಟೆಯ ಅಳತೆಯಲ್ಲಿ ಲೀಟರಿಗೆ ಆರಂಭದಲ್ಲಿ 7.2, ಬೆಳಕಿನಲ್ಲಿ 9.6, ಕತ್ತಲಲ್ಲಿ 6.4 ಮಿ.ಗ್ರಾಂ ಬಂದಿತೆನ್ನಿ. ಬೆಳಕಿನದರಿಂದ ಕತ್ತಲಿನದನ್ನು ಕಳೆದರೆ ಒಟ್ಟು ಉತ್ಪಾದನೆ 3.2, ಅಂದರೆ ಗಂಟೆಗೆ 0.8. ಪ್ರತಿ ಮಿ.ಗ್ರಾಂ ಆಮ್ಲಜನಕಕ್ಕೆ ಸುಮಾರು 3.5 ಕ್ಯಾಲೊರಿ ಹಿಡಿದರೆ, ಘನ ಮೀಟರ್ ನೀರಿನಲ್ಲಿ ಗಂಟೆಗೆ 2.8 ಕಿಲೊಕ್ಯಾಲೊರಿ. ಆ 4 ಗಂಟೆಯಲ್ಲಿ ಉಸಿರಾಟಕ್ಕೆ ಹೋದದ್ದು 7.2ರಿಂದ 6.4ಕ್ಕೆ ಇಳಿದ 0.8. ಇದರಲ್ಲಿ ಪಾಚಿ, ಬ್ಯಾಕ್ಟೀರಿಯಾ, ಪ್ರಾಣಿಪ್ಲವಕ (ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳು) ಮೂರರದ್ದೂ ಬೆರೆತಿರುತ್ತದೆ. ಅದಕ್ಕೇ 9.6ರಿಂದ 7.2 ಕಳೆದು ಬಂದ 2.4 ಅಷ್ಟೂ ಪಾಚಿಯಲ್ಲೇ ಉಳಿಯಿತು ಎನ್ನಲಾಗದು.

ಮುಂದಿನ ಮೆಟ್ಟಿಲಿಗೆ 50 ಲೀಟರ್ ನೀರನ್ನು 60 ಮೈಕ್ರಾನ್ ಬಲೆಯಲ್ಲಿ ಸೋಸಿ ಪ್ರಾಣಿಪ್ಲವಕ ಎಣಿಸುತ್ತೇನೆ. ಎಣಿಕೆ ತೋರಿಸುವುದು ಆ ಹೊತ್ತಿನ ದಾಸ್ತಾನನ್ನು ಮಾತ್ರ. ಮೀನು ಬೇಗಬೇಗ ತಿನ್ನುತ್ತಿದ್ದರೆ ಶಕ್ತಿ ಧಾರಾಳವಾಗಿ ಹರಿಯುತ್ತಿದ್ದರೂ ಎಣಿಕೆ ಸಣ್ಣದೇ ಇರುತ್ತದೆ. ಮೈಕ್ರೊಸಿಸ್ಟಿಸ್ ಎಂಬ ಗುಂಪುಗಟ್ಟುವ ನೀಲಿ-ಹಸಿರು ಪಾಚಿ ತುಂಬಿದ ಕೆರೆಯ ಕಥೆ ಬೇರೆ. ಬಾಟಲಿಯಲ್ಲಿ ಉತ್ಪಾದನೆ ಭರ್ಜರಿ, ಆದರೆ ಅದರ ದೊಡ್ಡ ಗುಂಪುಗಳನ್ನು ಪ್ರಾಣಿಪ್ಲವಕ ನುಂಗಲಾರವು. ಹೆಚ್ಚಿನ ಪಾಲು ಸತ್ತು ಕೊಳೆತು ಬ್ಯಾಕ್ಟೀರಿಯಾದ ಪಾಲಾಗುತ್ತದೆ. ಇಂಥ ಕೆರೆಗೆ ಹಸಿರು ನೋಡಿ ಕಾಟ್ಲಾ ಮೀನಿನ ಮರಿ ಹೆಚ್ಚು ಬಿಡಬೇಡಿ ಎಂದೇ ನಾನು ಹೇಳುವುದು. ಕಾಟ್ಲಾದ ಮುಖ್ಯ ಆಹಾರ ಪ್ರಾಣಿಪ್ಲವಕ.