ಒಗ್ಗದ ಸಂಗೀತಕ್ಕೆ ಕಿವಿಯನ್ನು ಒಗ್ಗಿಸಿಕೊಳ್ಳುವ ಬಗೆ

ರಾಯಚೂರಿನಂಥ ಊರಿನಲ್ಲಿ ಬೆಳೆದವರ ಕಿವಿಗೆ ಒಂದೇ ಬಗೆಯ ಸಂಗೀತ ಬಿದ್ದಿರುವುದು ಅಪರೂಪ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ ಇದೇ ಜಿಲ್ಲೆಯಲ್ಲಿವೆ. 1956ರವರೆಗೆ ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯದ ಭಾಗವಾಗಿದ್ದ ಕಾರಣ ಉರ್ದು ಗಜಲ್, ಕವ್ವಾಲಿಗಳೂ ಇಲ್ಲಿಗೆ ಹೊರಗಿನವಲ್ಲ. ತೆಲುಗು ಹಾಡಂತೂ ಪ್ರತಿ ಚಹಾದಂಗಡಿಯಲ್ಲಿದೆ. ಆದರೂ ನಮ್ಮಲ್ಲಿ ಹೆಚ್ಚಿನವರು ಇಪ್ಪತ್ತರ ವಯಸ್ಸಿನಲ್ಲಿ ಮೆಚ್ಚಿದ ಹಾಡುಗಳನ್ನೇ ಐವತ್ತರಲ್ಲಿಯೂ ಕೇಳುತ್ತ, ಉಳಿದುದನ್ನು ಗದ್ದಲವೆಂದು ತಳ್ಳಿಹಾಕುತ್ತೇವೆ. ಹಾಗೆ ತಳ್ಳಿಹಾಕಿದವರಲ್ಲಿ ನಾನೂ ಒಬ್ಬ. ಅದರಿಂದ ಸ್ವಲ್ಪಮಟ್ಟಿಗೆ ಹೊರಬಂದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹೊಸದನ್ನು ಹುಡುಕುವ ಮೊದಲು, ನಿಮಗೆ ಈಗಾಗಲೇ ಪ್ರಿಯವಾದ ಹತ್ತು ಹಾಡುಗಳನ್ನು ಬರೆದುಕೊಂಡು, ಪ್ರತಿಯೊಂದರಲ್ಲಿಯೂ ನಿಮ್ಮನ್ನು ಹಿಡಿದಿಡುವುದು ಸಾಹಿತ್ಯವೋ, ಕಂಠವೋ, ತಾಳವೋ, ಇಲ್ಲವೆ ಆ ಹಾಡಿನ ಕಾಲಕ್ಕೆ ಅಂಟಿಕೊಂಡ ನೆನಪೋ ಎಂಬುದನ್ನು ಪ್ರಾಮಾಣಿಕವಾಗಿ ಗುರುತಿಸಿ. ನನ್ನ ಪಟ್ಟಿಯಲ್ಲಿ ಏಳು ಹಾಡುಗಳು ಬರೀ ನೆನಪಿನ ಬಲದ ಮೇಲೆ ನಿಂತಿದ್ದವು ಎಂದು ತಿಳಿದಾಗ ಸ್ವಲ್ಪ ನಾಚಿಕೆಯಾಯಿತು.

ಅನಂತರ ಹಾಡಿನ ಈ ಅಂಶಗಳಲ್ಲಿ ಒಂದನ್ನು ಹಾಗೆಯೇ ಉಳಿಸಿಕೊಂಡು ಇನ್ನೊಂದನ್ನು ಮಾತ್ರ ಬದಲಿಸಿ. ಈ ಕ್ರಮದಲ್ಲಿ ಮುಖ್ಯವಾದುದು ಇದೇ. ದಾಸರ ಪದ ಇಷ್ಟವೆಂದಾದರೆ ಸಾಹಿತ್ಯ ಅದೇ ಇರಲಿ. ಭೀಮಸೇನ ಜೋಶಿಯವರ ದಾಸವಾಣಿಯಲ್ಲಿ ಕೇಳಿದ ಪದವನ್ನೇ ಕರ್ನಾಟಕ ಶೈಲಿಯ ಗಾಯಕರೊಬ್ಬರಲ್ಲಿ ಕೇಳಿ. ವಚನ ಇಷ್ಟವಾದವರಿಗೆ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನ ಹಿಂದೂಸ್ತಾನಿಯ ಬಾಗಿಲು ತೆರೆಯುತ್ತದೆ. ರಾಯಚೂರಿನ ರಂಗಮಂದಿರದ ಮೇಲೆ ಅವರ ಹೆಸರನ್ನು ಓದುವ ಎಷ್ಟೋ ಜನ ಅವರ ಕಂಠವನ್ನು ಕೇಳಿಲ್ಲ. ರಾಗ ಹಿಡಿದು ಹೋಗುವವರಿಗೆ ಕರ್ನಾಟಕ ಪದ್ಧತಿಯ ಮೋಹನ ಮತ್ತು ಹಿಂದೂಸ್ತಾನಿಯ ಭೂಪ್ ಒಳ್ಳೆಯ ಜೋಡಿ: ಎರಡರಲ್ಲಿಯೂ ಸ ರಿ ಗ ಪ ದ ಎಂಬ ಅವೇ ಐದು ಸ್ವರಗಳು, ಆದರೆ ಸ್ವರವನ್ನು ತೂಗುವ, ನಿಲ್ಲಿಸುವ ರೀತಿ ಬೇರೆ. ಆ ಬೇರೆತನ ಕಿವಿಗೆ ತಿಳಿದ ದಿನ ಎರಡೂ ಪದ್ಧತಿಗಳು ನಿಮ್ಮವಾಗತೊಡಗುತ್ತವೆ.

ಒಗ್ಗದ ಸಂಗೀತದಲ್ಲಿ ಕಿವಿಯನ್ನು ಎಲ್ಲಿ ಇಡಬೇಕೆಂದು ಬಲ್ಲವರನ್ನು ಕೇಳಿ. ನನ್ನ ಅಕ್ಕನ ಮಗ ಹಚ್ಚುತ್ತಿದ್ದ ಮೆಟಲ್ ಸಂಗೀತದಿಂದ ತಲೆನೋವು ಬಂದು ಒಮ್ಮೆ ಗದರಿದಾಗ, ಅವನು, “ಮಾಮಾ, ಆ ಕೂಗು ಬಿಡ್ರಿ, ಡ್ರಮ್ಮಿನವ ಎರಡೂ ಕಾಲಿನಿಂದ ಏನ್ ಮಾಡಾಕತ್ತಾನ ಅದನ್ನಷ್ಟ ಕೇಳ್ರಿ,” ಎಂದ. ಕೇಳಿದೆ. ಹಲಗೆಯ ನಡೆಯನ್ನು ಬಲ್ಲ ಕಿವಿಗೆ ಅದು ಅಷ್ಟೇನೂ ದೂರದ್ದಾಗಿರಲಿಲ್ಲ. ಹಾಗೆಯೇ ಹಿಂದೂಸ್ತಾನಿಯ ನಿಧಾನಗತಿಯ ಗಾಯನವಾದ ವಿಲಂಬಿತ ಖ್ಯಾಲಿನಲ್ಲಿ ಬೇಸರವಾಗುವವರು ಏಕತಾಲದ ಹನ್ನೆರಡು ಮಾತ್ರೆಗಳು ಮುಗಿದು ಗಾಯಕರು ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದಿಳಿಯುವ ಕ್ಷಣವನ್ನು ಕಾಯಬೇಕು. ಅಮೆರಿಕದ ಬ್ಲೂಸ್‌ನಲ್ಲಿಯೂ ಸಾಮಾನ್ಯವಾಗಿ ಹನ್ನೆರಡು ಅಳತೆಗಳ (ಬಾರ್ ಎಂಬ ತಾಳದ ಖಂಡಗಳ) ಒಂದು ಸುತ್ತಿದ್ದು, ಮೊದಲ ಸಾಲನ್ನು ಎರಡು ಸಲ ಹಾಡಿ ಮೂರನೆಯ ಸಾಲಿನಲ್ಲಿ ಉತ್ತರ ಕೊಡುತ್ತಾರೆ. ಇಷ್ಟು ತಿಳಿದರೆ ಭಾಷೆ ಬಾರದಿದ್ದರೂ ಹಾಡಿನ ದಾರಿ ತಪ್ಪುವುದಿಲ್ಲ.

ಒಂದೇ ಸಲ ಕೇಳಿ ತೀರ್ಮಾನಿಸಬೇಡಿ. ಮತ್ತೆ ಮತ್ತೆ ಎದುರಾಗುವುದರಿಂದಲೇ ಒಂದು ವಸ್ತುವಿನ ಬಗ್ಗೆ ಒಲವು ಬೆಳೆಯಬಲ್ಲುದೆಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲಿ ತೋರಿಸಿದ್ದರು. ಒಂದು ವಾರದಲ್ಲಿ ಮೂರು ಸಲ, ಬೇರೆ ಕೆಲಸವಿಲ್ಲದ ಹೊತ್ತಿನಲ್ಲಿ ಕೇಳುವುದು ನನಗೆ ಸರಿಹೋಗಿದೆ. ಮೊಬೈಲಿನ ಆ್ಯಪ್‌ಗಳು ನೀವು ಕೇಳಿದ್ದನ್ನೇ ಹೋಲುವುದನ್ನು ಹೆಚ್ಚಾಗಿ ಮುಂದಿಡುವುದರಿಂದ ಅವುಗಳ ಸಲಹೆಯನ್ನು ಬದಿಗಿಟ್ಟು ವಾದ್ಯದ ಹೆಸರಿನಿಂದ ಹುಡುಕುವುದು ಮೇಲು.

ಕೆಲವು ಸಂಗೀತವಂತೂ ಇಯರ್‌ಫೋನಿಗೆ ದಕ್ಕುವುದೇ ಇಲ್ಲ. ಹುಲಿಗೆಮ್ಮನ ಗುಡಿಯ ಬಳಿ ಚೌಡಿಕೆಯ ತಂತಿ ಮಿಡಿಯುವುದನ್ನಾಗಲಿ, ಮುದಗಲ್ಲಿನ ಮೊಹರಂನಲ್ಲಿ ಅಲಾಯಿ ಕುಣಿಯ (ಬೆಂಕಿಯ ಗುಂಡಿಯ) ಸುತ್ತ ಹಾಡುವ ಪದಗಳನ್ನಾಗಲಿ ಅಲ್ಲಿಗೇ ಹೋಗಿ ಕೇಳಬೇಕು. ಮೊಹರಂ ಚಾಂದ್ರಮಾನದ ಲೆಕ್ಕದಲ್ಲಿ ಬರುವುದರಿಂದ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಆದ್ದರಿಂದ ಕ್ಯಾಲೆಂಡರ್ ನೋಡಿಕೊಂಡೇ ಹೊರಡಿ. ಹೋದಮೇಲೆ ಮೊಬೈಲನ್ನು ಜೇಬಿನಲ್ಲಿಟ್ಟು, ಹಾಡುವವರ ಹತ್ತಿರ ಜಾಗ ಕೇಳಿ ನಿಂತುಕೊಳ್ಳಿ. ಬಳ್ಳಾರಿ ಜಿಲ್ಲೆಯ ದರೋಜಿ ಈರಮ್ಮನವರು 2014ರಲ್ಲಿ ತೀರಿಕೊಂಡರು. ಅವರ ಬುರ್ರಕಥೆಯನ್ನು ಎದುರು ಕೂತು ಕೇಳುವ ಅವಕಾಶವನ್ನು ನಾನು “ಮುಂದಿನ ಸಲ” ಎನ್ನುತ್ತಲೇ ಕಳೆದುಕೊಂಡೆ.

ಇಷ್ಟೆಲ್ಲ ಮಾಡಿಯೂ ಹಿಡಿಸದಿದ್ದರೆ ಹಿಡಿಸಿತೆಂದು ನಟಿಸಬೇಕಾಗಿಲ್ಲ. ಎಲ್ಲವೂ ಇಷ್ಟ ಎನ್ನುವವರು ಯಾವುದನ್ನೂ ಗಮನವಿಟ್ಟು ಕೇಳಿರುವುದಿಲ್ಲ ಎಂಬುದು ನನ್ನ ಗುಮಾನಿ. ಅಂಥದನ್ನು ಒಂದು ವರ್ಷ ಬದಿಗಿಟ್ಟು ಮತ್ತೆ ತೆಗೆಯಿರಿ. ಟೆಕ್ನೋ ಎಂಬ ಎಲೆಕ್ಟ್ರಾನಿಕ್ ಸಂಗೀತವನ್ನು ನಾನು ಹೀಗೆ ಮೂರು ಸಲ ಬದಿಗಿಟ್ಟಿದ್ದೇನೆ. ಎಲ್ಲಿ ಕಿವಿಯಿಡಬೇಕೆಂದು ಹೇಳುವವರು ಇನ್ನೂ ಸಿಕ್ಕಿಲ್ಲ.